ನ್ಯೂಟ್ರಲ್

ಇಗರ್ಜಿಯಲ್ಲೂ ಮಂಡಿಯೂರದ ವರ್ನನ್
ದಿನಾ ಬೆಳಗ್ಗೆ ಊರುತ್ತಾನೆ
ಎರಡು ಗಾಡಿಗಳ ನಡುವೆ, ಹಿಮ ಕುಳಿತ ಜಲ್ಲಿಯ ಮೇಲೆ.
ಬಾರು, ಬಾರಿಗೆ ಪಿನ್ನು, ಪಿನ್ನಿಗೊಂದು ಕ್ಲಿಪ್ಪು,
ಕತ್ತರಿ ಹಾಕಿ ಬಿಗಿದ ಸರಪಳಿ,
ದೀಪದ ವೈರು.
"ಒತ್ತು" ಅನ್ನುತ್ತಾನೆ. ಬ್ರೇಕು ಒತ್ತುತ್ತೇನೆ.
"ಎಡ." ಎಡಕ್ಕೆ ಮಿಣುಕು.
"ಬಲ."
ಮೂವತ್ತೊಂದು ವರ್ಷದಲ್ಲಿ
ಇಷ್ಟು ಚೊಕ್ಕ ಮಾತು ನಾವು ಆಡಿದ್ದೇ ಕಡಿಮೆ.

ಹಿಂದಿನ ಚಿಕ್ಕ ಕಾರು ನನ್ನದು,
ಶಾಲೆಯ ಅಡುಗೆಮನೆಯ ಸಂಬಳದಲ್ಲಿ ಕಂತು ತೀರಿಸಿದ್ದು.
ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕು ಕೆಳಗೆ,
ಕೀಲಿ ಒಂದೇ ಒಂದು ತಿರುವು:
ಎಂಜಿನ್ ಏಳಬಾರದು, ಸ್ಟೀರಿಂಗ್ ಬಿಗಿಯಬಾರದು,
ನಿದ್ದೆಗೂ ಎಚ್ಚರಕ್ಕೂ ನಡುವಿನ ಒಂದು ಹಲ್ಲು.
ಹಾಗೆ ಬಿಟ್ಟರೆ ನಾಲ್ಕೂ ಗಾಲಿ ನೆಲ ಮುಟ್ಟಿಕೊಂಡೇ
ಎಳೆದತ್ತ ಬರುತ್ತದೆ, ತಕರಾರಿಲ್ಲದೆ.

ಮೈನಾಟ್ ಬಿಟ್ಟು ಎರಡು ದಿನ.
ಸೂರ್ಯಕಾಂತಿಯ ಕಪ್ಪಾದ ತಲೆಗಳು ಮುಗಿದು
ವಯೋಮಿಂಗಿನ ಗಾಳಿ ಬಂತು, ಪಕ್ಕೆಗೇ ಗುದ್ದುವಂಥದು.
ಕತ್ತು ಹೊರಳಿಸಿ ಹಿಂಗಾಜಿನಲ್ಲಿ ನೋಡುತ್ತೇನೆ:
ತಿರುವು ಬಂದಾಗಲೆಲ್ಲ ನನ್ನ ಕಾರಿನ ಸ್ಟೀರಿಂಗ್
ತಾನೇ ತಿರುಗುತ್ತದೆ, ತಾನೇ ನೆಟ್ಟಗಾಗುತ್ತದೆ.
ಸೀಟಿನ ಬೆನ್ನಿಗೆ ನನ್ನ ಉಣ್ಣೆ ಕೋಟು.
ನಾನೇ ಕೂತ ಹಾಗೆ,
ಕೈಗಳಿಲ್ಲದ ನಾನು.

ಯೂಮಾದ ಆಚೆ ಒಂದು ಕಲ್ಲುಕ್ವಾರಿಗೆ
ಚಳಿಗಾಲವಿಡೀ ಅವನು ಕಾವಲು.
ನಾನು ಹತ್ತು ದಿನ ಇದ್ದು ಮರಳಬೇಕು,
ಮುನ್ನೂರು ಮಕ್ಕಳ ಮಧ್ಯಾಹ್ನಕ್ಕೆ.
ಅದಕ್ಕೇ ಈ ಬಾಲ.
"ಹಿಂದಿರುಗುವ ದಾರಿಯನ್ನ
ಹಿಂದೆಯೇ ಕಟ್ಟಿಕೊಂಡು ಹೊರಟಿದ್ದೇವೆ" ಅಂದೆ.
ಅವನು ನಗಲಿಲ್ಲ.
"ನೆನಪಿರಲಿ, ಆರ್ಡಿಸ್. ಏನೇ ಆಗಲಿ
ಹಿಂದಕ್ಕೆ ಮಾತ್ರ ತೆಗೆಯುವ ಹಾಗಿಲ್ಲ.
ಗಾಲಿ ಸೊಟ್ಟ ತಿರುಗಿ ಬಾರೇ ಮುರಿಯುತ್ತೆ."

ಯೂಟಾದ ಪ್ಯಾಂಗ್ವಿಚ್‌ನಲ್ಲಿ ತೆಗೆಯಬೇಕಾಯಿತು.
ಪೆಟ್ರೋಲು ಹಾಕಿಸಿ ಹೊರಡುವಾಗ
ಎದುರು ಕುರಿ ತುಂಬಿದ ಲಾರಿ, ಕೆಟ್ಟು ನಿಂತದ್ದು.
ಒಂದು ಪಕ್ಕ ಕಂಬ, ಇನ್ನೊಂದು ಪಕ್ಕ ಐಸಿನ ಪೆಟ್ಟಿಗೆ.
ನೆಲ ಓರೆ. ಪಿನ್ನು ಕಚ್ಚಿಕೊಂಡು ಬರಲೊಲ್ಲದು.
ವರ್ನನ್ ಸುತ್ತಿಗೆ ತಂದ. ಹೊಡೆದ. ಬೈದ. ಮತ್ತೆ ಹೊಡೆದ.
ಕುರಿಗಳೆಲ್ಲ ಸಂದಿಗಳಲ್ಲಿ ಮೂತಿಯಿಟ್ಟು ನೋಡಿದವು.
ಪಂಪಿನ ಹುಡುಗ, ಹದಿನೇಳಿರಬಹುದು, ನನ್ನತ್ತ ಬಂದು
"ಅಮ್ಮಾ, ನೀವೊಮ್ಮೆ ಒಳಗೆ ಕೂತು
ಸ್ಟೀರಿಂಗ್ ಕೊಂಚ ಅಲ್ಲಾಡಿಸಿ" ಅಂದ.
ಅಲ್ಲಾಡಿಸಿದೆ.
ಟಕ್ ಅಂತ ಬಂತು, ಹಾಲುಹಲ್ಲಿನ ಹಾಗೆ.

ಇಳಿದು ಮುಟ್ಟಿ ನೋಡಿದೆ. ಗಾಲಿ ಬಿಸಿ,
ಎಂಜಿನ್ ತಣ್ಣಗೆ.
ಸಾವಿರದಿನ್ನೂರು ಮೈಲಿ ಬಂದೂ ಮೀಟರಿನಲ್ಲಿ
ಮನೆ ಬಿಟ್ಟ ಬೆಳಗಿನ ಅಂಕಿ.
ಬಾನೆಟ್ಟಿನ ತುಂಬ ಅವನ ಗಾಡಿ ಎರಚಿದ ಕೆಸರು.
ಕ್ಲಚ್ಚು ಒತ್ತಿ ರಿವರ್ಸಿಗೆ ಹಾಕಿದೆ.
ಬಂತು, ನನಗೇ ನಾಚಿಕೆಯಾಗುವಷ್ಟು ಸಲೀಸಾಗಿ.

"ಸಮತಟ್ಟು ನೆಲ ಸಿಗುವ ತನಕ ಹೀಗೇ ಹಿಂದೆ ಬಾ."
ಬಂದೆ.
ಬಾರಿಲ್ಲ, ಸರಪಳಿಯಿಲ್ಲ,
ಆದರೂ ಮೊದಲ ಹತ್ತು ಮೈಲಿ ಅಷ್ಟೇ ಅಂತರ ಬಿಟ್ಟೆ.
ಆಮೇಲೆ ಸ್ವಲ್ಪ ಹೆಚ್ಚು.
ರೇಡಿಯೊ ನನ್ನ ಇಷ್ಟದ್ದು.
ಸಂಜೆ ಇಳಿಜಾರಿನಲ್ಲಿ ಅವನು ಬ್ರೇಕು ಒತ್ತಿದ.
ಬಲದ ದೀಪ ಕೆಂಪಾಯಿತು.
ಎಡದ್ದು ಇಲ್ಲ.
ದಿನಾ ನನ್ನ ಕಾರಿನ ದೀಪ ಎರಡೆರಡು ಸಲ ನೋಡಿದವನದ್ದು
ಎಂದು ಕೆಟ್ಟಿತೋ!
ಪಕ್ಕದಲ್ಲೇ ಕೂತವಳಿಗೆ ಹೇಗೆ ಕಾಣಬೇಕು?

ಹೆಡ್‌ಲೈಟು ಮಿಣುಕಿಸಿದೆ, ಎರಡು ಸಲ.
ಅವನ ಕಿಟಕಿಯಿಂದ ಕೈ ಹೊರಬಂತು,
ನಿಧಾನಕ್ಕೆ ಬೀಸಿತು: ಹೋಗು, ಮುಂದೆ ಹೋಗು.
ದಾರಿ ಕೇಳಿದೆ ಅಂದುಕೊಂಡ.
ಎದುರು ರಸ್ತೆ ಖಾಲಿ ಇತ್ತು.