ಹತ್ತು ಕಳೆಯಬೇಕು

ಕುಮಟೆಯ ಮೂರೂರು ರಸ್ತೆ, ತಗಡಿನ ಶೆಡ್ಡು.
ಒಳಗೆ ನಾನು, ರಟ್ಟಿನ ರಾಶಿ, ಅಂಟಿನ ವಾಸನೆ,
ಕೊಕ್ಕೆ ಮುರಿದ ಒಂದು ಟೇಪು.

ಉಪ್ಪುಗಾಳಿ ಮೊದಲು ಕೊಕ್ಕೆ ತಿಂದಿತು,
ಆಮೇಲೆ ಒಂದು, ಎರಡು, ಮೂರು.
ನಾಲ್ಕರಿಂದ ಎಂಟರ ತನಕ ಬರೀ ತುಕ್ಕು.
"ಹತ್ತರಿಂದ ಹಿಡಿ," ಅಂದಿದ್ದ ಇನಾಸ್ ಬಾಬ,
"ಬಂದದ್ದರಲ್ಲಿ ಹತ್ತು ಕಳೆ. ಮರೆತರೆ
ಪೆಟ್ಟಿಗೆ ಅಲ್ಲ, ಕೋಣೆ ಕಟ್ಟುತ್ತೀಯ."

ಉಳಿದದ್ದೂ ಅವನೇ ಕಲಿಸಿದ್ದು:
ಬಾಯಿ ಮೇಲೆ ಮಾಡಿ ಕೂರಿಸು.
ಬಾಯಿಯ ದೊಡ್ಡ ಬದಿ ಉದ್ದ, ಸಣ್ಣ ಬದಿ ಅಗಲ,
ಬಾಯಿಂದ ತಳಕ್ಕೆ ಇಳಿದದ್ದು ಎತ್ತರ.
ಇಳಿದದ್ದು ಹೇಗೆ ಎತ್ತರ, ಎಂದೆ.
ಗಿರಾಕಿ ಬಾವಿ ತೋಡುವವನಾದರೆ ಆಳ ಅನ್ನು, ಎಂದ.
ಮಗುಚಿ ಇಟ್ಟರೆ ಮೂರೂ ಹೆಸರು ಬದಲಾಗುತ್ತವೆ,
ಗಂಡನ ಮನೆಗೆ ಬಂದವರ ಹಾಗೆ.
ನನ್ನದೂ ಬದಲಾಗಿತ್ತು: ಶೇವಂತಿ ಹೋಗಿ ಸುಲಕ್ಷಣಾ.

ಅಳೆಯುವುದು ಒಳಗೆ, ಮಡಿಕೆಗೆರೆಯಿಂದ ಮಡಿಕೆಗೆರೆಗೆ.
ಹೊರಗಿನದು ಕೊರಿಯರಿನವನ ಪಾಲು.
ಐದು ಪದರದ ರಟ್ಟು, ಆಚೆ ಈಚೆ ಸೇರಿ
ಒಂದೂವರೆ ಸೆಂಟಿಮೀಟರು ಪುಕ್ಕಟೆ ಅವನಿಗೆ.
ಮೂರನ್ನೂ ಗುಣಿಸುತ್ತಾನೆ, ಐದು ಸಾವಿರಕ್ಕೆ ಭಾಗಿಸುತ್ತಾನೆ,
ಬಂದದ್ದನ್ನು ಕಿಲೋ ಅನ್ನುತ್ತಾನೆ.
ಅವನ ತಕ್ಕಡಿ ಮೂಲೆಯಲ್ಲಿ
ಕೆಲಸವಿಲ್ಲದೆ ಕೂತಿರುತ್ತದೆ.

ಸುಬ್ರಾಯ ಗುಡಿಗಾರನಿಗೆ ಇದನ್ನು ಹೇಳುವುದು ಕಷ್ಟ.
ಬೆಂಡಿನ ಬಾಸಿಂಗ ಅವನದು, ಜೋಡಿಗೆ ಮುನ್ನೂರು ಗ್ರಾಂ,
ಫ್ಯಾನು ಹಾಕಿದರೆ ಮೇಜು ಬಿಟ್ಟೇಳುತ್ತದೆ.
"ಆರು ಕಿಲೋನಾ? ಮದುಮಗನನ್ನೂ ಕೂರಿಸಿ ತೂಗಿದ್ರಾ?"
"ಜಾಗದ ತೂಕ, ಸುಬ್ರಾಯಣ್ಣ."
"ಜಾಗ ನಾ ಮಾಡಿದ್ದಲ್ಲವಲ್ಲ," ಎಂದು
ಬಾಸಿಂಗದ ಪಕ್ಕ ಗೇಣು ಹಾಕಿದ,
ಬೆಂಡಿನ ಬಿಳಿ ಹುಡಿ ಮೆತ್ತಿದ ಕೈ.
ಈ ವರ್ಷ ನವಿಲು ಸೇರಿಸಿದ್ದ, ಹಳೆಯ ಪೆಟ್ಟಿಗೆ ಸಾಲದು.
ಎರಡು ಗೇಣು. ಒಂದೂವರೆ ಗೇಣು. ಒಂದು ಗೇಣು.

ಗೇಣಿನ ಮಾತು ಯಾರು ಬರೆದುಕೊಳ್ಳುತ್ತಾರೆ?
ನಾನು ಟೇಪು ಎಳೆದೆ.

ಹೊಸ ಟೇಪು. ಅದೇ ವಾರ ಬಾಬ
ಕಾರವಾರಕ್ಕೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದ.
ಬಂದವನೇ ಹಳೆಯದನ್ನು ಕೈಗೆತ್ತಿಕೊಂಡು,
"ಥೂ, ಇಷ್ಟು ಕೊಳಕಿತ್ತಾ ಇದು?" ಎಂದು
ಸಂಜೆಯೊಳಗೆ ಹಳದಿ ಟೇಪು ತಂದಿಟ್ಟ,
ಹೊಳೆಯುವ ಕೊಕ್ಕೆ, ಸೊನ್ನೆಯಿಂದ ಶುರು.

ನಲವತ್ತು ಓದಿದೆ, ಮೂವತ್ತು ಬರೆದೆ.
ಮೂವತ್ತು ಓದಿದೆ, ಇಪ್ಪತ್ತು ಬರೆದೆ.
ಇಪ್ಪತ್ತು, ಹತ್ತು.
ಹನ್ನೊಂದು ವರ್ಷದ ಕೈ, ಒಮ್ಮೆಯೂ ತಡವರಿಸಲಿಲ್ಲ.
ಇಪ್ಪತ್ನಾಲ್ಕು ಪೆಟ್ಟಿಗೆ, ಹುಬ್ಬಳ್ಳಿಯ ಅಂಗಡಿಗೆ,
ಮಾಘದ ಲಗ್ನಗಳಿಗೆ.

ಸುಬ್ರಾಯ ಒಂದನ್ನೆತ್ತಿ ತಿರುಗಿಸಿ ನೋಡಿದ.
"ಇದು ಎಷ್ಟು ಕಿಲೋ?"
"ಎರಡು," ಎಂದೆ, ನೆಲ ನೋಡುತ್ತ.
"ಅಡ್ಡಿಲ್ಲ. ತೂಕ ಇಳಿಸಿದ್ದೀ.
ಇನ್ನು ಮದುಮಗನ ತಲೆಯನ್ನೂ ನೀನೇ ಇಳಿಸು."

ರಾತ್ರಿ ಹನ್ನೆರಡರ ತನಕ ಮತ್ತೆ ಕತ್ತರಿಸಿದೆವು.
ಬಾಬ ಕಪ್ಪು ಕನ್ನಡಕ ಹಾಕಿಕೊಂಡೇ ಅಂಟು ಹಚ್ಚಿದ,
ಸುಬ್ರಾಯ ಬೈಯುತ್ತ ಗೆರೆ ಹಿಡಿದ,
ಅವನ ಹೆಂಡತಿ ಕಳಿಸಿದ ಅವಲಕ್ಕಿಯಲ್ಲೂ
ಎಲ್ಲೋ ಒಂದು ಬೆಂಡಿನ ಚೂರು.
ಸಣ್ಣ ಪೆಟ್ಟಿಗೆಗಳನ್ನು ನಾಗುಬಾಯಿ ಒಯ್ದಳು,
ಒಣಸಿಗಡಿಗೆ ಅಳತೆ ಸಾಕು, ಮುಚ್ಚಿದರೆ ಆಯಿತು.
ಒಂದನ್ನು ನಾನಿಟ್ಟುಕೊಂಡೆ. ಅದರಲ್ಲಿ ಇನ್ನೂ ಏನೂ ಹಾಕಿಲ್ಲ.

ಹೊಸ ಟೇಪು ಒಳ್ಳೆಯದೇ.
ಆದರೆ ಸೊನ್ನೆಯಲ್ಲಿ ಹಿಡಿದರೆ
ಬೆರಳಿಗೆ ಎಲ್ಲಿಯೂ ನಿಂತ ಹಾಗಾಗುವುದಿಲ್ಲ.
ಅದನ್ನೂ ಹತ್ತರಿಂದಲೇ ಹಿಡಿಯುತ್ತೇನೆ,
ಹತ್ತು ಕಳೆಯುತ್ತೇನೆ. ಸರಿಯಾಗಿ ಬರುತ್ತದೆ.
ರಟ್ಟಿನ ಅಂಚಿನಾಚೆ ಕೊಕ್ಕೆ,
ಒಂದೂ ಗೀರಿಲ್ಲದ ಹತ್ತು ಸೆಂಟಿಮೀಟರು,
ಗಾಳಿಗೆ ಮೆಲ್ಲಗೆ ಆಡುತ್ತಿರುತ್ತವೆ.