ಪಿಡಬ್ಲ್ಯೂಡಿಯನ್ನು ಕೇಳಬೇಡ

ಬೈತಖೋಲದ ಐಸ್ ಪ್ಲಾಂಟಿನ ಮಾಳಿಗೆಯಲ್ಲಿ
ಸಂಘದ ಕಂಪ್ಯೂಟರು ಒಂದು, ಅದರ ಕಾವಲಿಗೆ ನಾನು.
ನಸುಕಿನ ಮೂರಕ್ಕೆ ನಾನು ಬರೆದ ಸ್ಕ್ರಿಪ್ಟು ತಾನೇ ಎದ್ದು
ಬಂಗಡೆ ಎಷ್ಟು, ತಾರ್ಲೆ ಎಷ್ಟು, ಯಾವ ಬೋಟಿಗೆ ಎಷ್ಟು ಬರ್ಫು
ಕೂಡಿಸಿ ಪಟ್ಟಿ ಮಾಡಿಡಬೇಕು, ಹರಾಜಿಗೆ ಮೊದಲು.

ಎರಡು ವರ್ಷ ಮಾಡಿತು.
ಹಳೆ ಯಂತ್ರ ಉಪ್ಪುಗಾಳಿಗೆ ತುಕ್ಕು ಹಿಡಿದು ಸತ್ತಿತು. ಹೊಸದು ಬಂತು,
ಬೇರೆ ಜಾತಿಯದು. ಪಟ್ಟಿ ಕಾಣೆ.

ತಪ್ಪು ನನ್ನದೇ. ಜಾಗದ ಹೆಸರನ್ನು
ಕಲ್ಲಲ್ಲಿ ಕೊರೆದ ಹಾಗೆ ಬರೆದುಬಿಟ್ಟಿದ್ದೆ:
ಸಿ ಡ್ರೈವು, ಅದರೊಳಗೆ ಸಂಘ, ಅದರೊಳಗೆ ಮೀನು,
ನಡುನಡುವೆ ಎಡಕ್ಕೆ ವಾಲಿದ ಗೆರೆ.
ಹೊಸದರಲ್ಲಿ ಸಿ ಎಂಬುದೇ ಇಲ್ಲ.
ಗೆರೆಯೂ ಬಲಕ್ಕೆ ವಾಲುತ್ತದೆ,
ಇಳಿತದಲ್ಲಿ ಕೆಸರಿಗೆ ಕೂತ ದೋಣಿಯ ಕಂಬ
ಭರತಕ್ಕೆ ಆಚೆ ಮಗ್ಗುಲಾದಂತೆ.

"ನಿಂತ ಜಾಗ ಯಾವುದೆಂದು ಅಲ್ಲೇ ಕೇಳಬೇಕಿತ್ತು" ಎಂದೆ.
"ಯಾರನ್ನ?"
"ಪಿಡಬ್ಲ್ಯೂಡಿ ಅಂತ ಒಂದು ಆಜ್ಞೆ ಇದೆ."
ತೂಕದ ವಿಠೋಬಾ ಬಾನಾವಳಿಕರ ನಕ್ಕ ನಗೆಗೆ
ಕೆಳಗೆ ಐಸು ಒಡೆಯುವವರೂ ಸುತ್ತಿಗೆ ನಿಲ್ಲಿಸಿದರು.
"ಪಿಡಬ್ಲ್ಯೂಡಿಯವ್ರನ್ನ ಕೇಳ್ತೀಯಾ?
ಅವ್ರು ಹಾಕಿದ ರಸ್ತೆ ಎಲ್ಲಿದೆ ಅಂತ ಅವ್ರಿಗೇ ಗೊತ್ತಿಲ್ಲ!"

ಅವನ ಮಾತು ಸುಳ್ಳಲ್ಲ. ಆ ಆಜ್ಞೆ
ಒಂದು ಯಂತ್ರಕ್ಕೆ ಗೊತ್ತು, ಇನ್ನೊಂದು ಕಣ್ಣು ಪಿಳುಕಿಸುತ್ತದೆ.
ಹೊರಗಿನವರನ್ನು ಕೂಗುವ ಬದಲು
ಭಾಷೆ ತನ್ನ ಗಂಟಿನಲ್ಲೇ ಕಟ್ಟಿಕೊಂಡು ಬಂದ ಚಿಕ್ಕ ಆಳನ್ನು ಕಳಿಸಬೇಕು,
ಯಾವ ನೆಲವಾದರೂ ಆ ನೆಲದ ಮಾತಲ್ಲೇ ವಿಚಾರಿಸಿ ಬರುತ್ತಾನೆ.

ವಾಯರ್‌ಲೆಸ್ಸಿನಲ್ಲಿ ಇಡೀ ರಾತ್ರಿ ಇದೇ ಪ್ರಶ್ನೆ: ಖಂಯ್ ಆಸಾ?
ಒಬ್ಬ ಜಿಪಿಎಸ್ಸಿನ ಅಂಕಿ ಓದುತ್ತಾನೆ.
ಒಬ್ಬ, ಹನ್ನೆರಡು ಮಾರು, ಕೆಳಗೆ ರೇವೆ.
ಮುದಿ ತಾಂಡೇಲ ಮಾತ್ರ: "ಕೂರ್ಮಗಡ
ದೇವಗಡದ ಬೆನ್ನಿಗೆ ಅಡಗಿತು, ಅಲ್ಲಿದ್ದೇನೆ."
ಮೂವರೂ ಒಂದೇ ನೀರಿನಲ್ಲಿ.

ಇನ್ನೊಂದು ರಾತ್ರಿ ಪಟ್ಟಿ ಮತ್ತೆ ಕಾಣೆ.
ನಾನು ಕೈಯಾರೆ ಓಡಿಸಿದರೆ ಸರಿ; ಗಡಿಯಾರ ಎಬ್ಬಿಸಿದರೆ
ಅದು ಕಣ್ಣು ಬಿಡುವುದು ಬೇರೆ ಕೋಣೆಯಲ್ಲಿ,
ಅಲ್ಲೇ ಪಟ್ಟಿ ಇಟ್ಟು ಮಲಗುತ್ತದೆ.
ಬರೆದಿಟ್ಟ ಮನೆ ಬೇರೆ,
ಎದ್ದು ನಿಂತ ಜಾಗ ಬೇರೆ. ಎರಡನ್ನೂ ಕೇಳಬೇಕು.
ಒಂದನ್ನು ಕೇಳಿ ಇನ್ನೊಂದು ಎಂದುಕೊಂಡರೆ ಮೀನು ಕೊಳೆಯುತ್ತದೆ.

'ಬಂದರು' ಎಂಬ ಬಾಗಿಲು ತೆರೆದರೆ
ಒಳಗೆ ಸಿಗುವುದು ಮತ್ತೊಂದು ಡಿಸ್ಕಿನ ಕೋಣೆ.
ಹೊಕ್ಕ ಬಾಗಿಲಿನ ಹೆಸರು ಹೇಳಲೋ, ಒಳಗಿನ ಗೋಡೆಯದೋ,
ಅದಕ್ಕೂ ಎರಡು ಉತ್ತರ. ಅದನ್ನು ಹಾಗೇ ಬಿಟ್ಟಿದ್ದೇನೆ.

ಕೊನೆಯದನ್ನು ವಿಠೋಬಾನಿಗೆ ತೋರಿಸಬಾರದಿತ್ತು.
ಒಂದು ಕೋಣೆಯೊಳಗೆ ಸ್ಕ್ರಿಪ್ಟನ್ನು ನಿಲ್ಲಿಸಿ
ಹೊರಗಿನಿಂದ ಆ ಕೋಣೆಯನ್ನೇ ಅಳಿಸಿದೆ, ಪರೀಕ್ಷೆಗೆ.
ಅದು ಸಾಯಲಿಲ್ಲ. ಎಲ್ಲಿದ್ದೀ ಎಂದರೆ
ಅಂಥ ಜಾಗವಿಲ್ಲ ಎಂದಿತು, ಆ ಜಾಗದಲ್ಲೇ ನಿಂತು.

ಅವನು ತಕ್ಕಡಿಯ ಕಲ್ಲು ಕೆಳಗಿಟ್ಟ.
ನೌಕಾನೆಲೆಯ ಗೋಡೆಯೊಳಗೆ ಅವನ ಬಾವಿ ಇದೆ,
ಒಲೆಯ ಮೂರು ಕಲ್ಲು, ದೋಣಿ ಎಳೆಯುವ ಮರಳು.
ಕಾಲೊನಿಗೆ ಬಂದು ಇಪ್ಪತ್ತು ಚಿಲ್ಲರೆ ವರ್ಷ;
ಫೋನಿನಲ್ಲಿ ಯಾರಾದರೂ ಊರು ಕೇಳಿದರೆ ಇವತ್ತಿಗೂ
ಹಳೆಯದನ್ನೇ ಹೇಳಿ, ತಡೆದು, ಪ್ಲಾಟ್ ನಂಬರು ಹೇಳುತ್ತಾನೆ.
"ಹಂಗಾದ್ರೆ ಅದು ಏನು ಮಾಡ್ಬೇಕು?" ಎಂದ.
"ಮೊದಲು ಇರುವಂಥ ಜಾಗಕ್ಕೆ ಹೋಗಬೇಕು. ಆಮೇಲೆ ಕೇಳಬೇಕು."
"ನಾವೂ ಹೋದ್ವಲ್ಲ," ಎಂದ.

ಈಗ ಪಟ್ಟಿಯ ಮೊದಲ ಸಾಲಲ್ಲಿ, ಬಂಗಡೆಗೂ ಮೊದಲು,
ನಿಂತ ಜಾಗ ಅಚ್ಚಾಗುತ್ತದೆ, ಬೇರಿನಿಂದ ತುದಿಯವರೆಗೆ, ಉದ್ದಕ್ಕೆ.
ಹರಾಜಿನವರಿಗೆ ಅದು ಬೇಡ. ವಿಠೋಬಾ
ಆ ಸಾಲನ್ನಷ್ಟೇ ಹರಿದು
ತಂಬಾಕು ಕಟ್ಟಿಕೊಂಡು
ಜೇಬಿಗಿಟ್ಟು ಕೆಳಗಿಳಿಯುತ್ತಾನೆ.