ಇರು

ಆಲಿಕ್ಕಿ ಅಂಗಳದಲ್ಲಿ ನಿಂತು "ಕೂರು" ಅಂದರೆ
ಕಿಟಕಿಯೊಳಗೆ ನಾನು ಕೂರುತ್ತೇನೆ.
ರುಸ್ಕೊ ಮಾತ್ರ ಹಿಮ ಮೂಸುತ್ತದೆ,
ಅವಳ ಕೈಗವಸು ಕಚ್ಚಿಕೊಂಡು ಓಡುತ್ತದೆ.

ಹದಿನೆಂಟು ದಿನವಾಯಿತು. ಕಿಸೆ ತುಂಬ ಒಣಮೀನು.
"ಇರು" ಅನ್ನುವಾಗ ಅಂಗೈ ಎತ್ತುತ್ತಾಳೆ,
ಕಾಗದದ ಕಾರ್ಖಾನೆಯ ಗೇಟಲ್ಲಿ
ಲಾರಿ ನಿಲ್ಲಿಸುತ್ತಿದ್ದಳಲ್ಲ, ಹಾಗೇ.

ಏಪ್ರಿಲ್ಲಿನ ಒಂದು ಮಧ್ಯಾಹ್ನ, ಕಾಗೆಯ ಬೆನ್ನುಹತ್ತಿ
ಸರೋವರದ ಮೇಲೆ ಹೊರಟೇಬಿಟ್ಟಿತು.
ಮಂಜುಗಡ್ಡೆ ಒಳಗೊಳಗೇ ಗೊಣಗಿತು.
ಬಾ, ಕೂರು, ಇರು, ಬಾ...
ಕಲಿಸಿದ್ದೆಲ್ಲ ಒಟ್ಟಿಗೇ ಕಿರುಚಿದಳು.

ಆಮೇಲೆ ಸುಮ್ಮನಾಗಿ
ಕಿಸೆಯ ಪೊಟ್ಟಣ ಸರಪರ ಅನ್ನಿಸಿದಳು.
ಕಿವಿ ತಿರುಗಿತು. ಮೊದಲು ಒಂದು.

ದಡದಲ್ಲಿ ಪೊಟ್ಟಣ ಪೂರ್ತಿ ಸುರಿದು
ಒದ್ದೆ ಕುತ್ತಿಗೆಯಲ್ಲಿ ಮುಖವಿಟ್ಟು
"ಇರು, ಇರೋ ಮರಿ, ಇರು" ಅನ್ನುತ್ತಿದ್ದಳು,
ಅಂಗೈ ಎತ್ತದೆ.

ನಾನಿನ್ನೂ ನಿಂತೇ ಇದ್ದೆ,
ಯಾರೂ ಹೇಳಿರಲಿಲ್ಲ.